ಹಡಗಿನವರ ಕಕ್ಕಸು

ಕೇಳುವವರು ಹೂಂ ಅಂದರೆ ಹೇಳುವುದು, ಇಲ್ಲದಿದ್ದರೆ ಇಲ್ಲ. ಮೇಟಗಳ್ಳಿ ಎಂಬೋ ಸೀಮೆಯಲ್ಲಿ, ಎರಡು ಸಾವಿರದ ಮೂರು ಎಂಬೋ ಇಸವಿಯಲ್ಲಿ ಒಂದು ಅರಮನೆ ಇತ್ತು. ಆರಡಿ ಉದ್ದ, ನಾಲ್ಕಡಿ ಅಗಲ. ಗೋಡೆಗೆಲ್ಲ ಹಾಲಿನಂಥ ಟೈಲ್ಸು, ಬಾಗಿಲಿಗೆ ಬಿಳಿ ಪೇಂಟು, ಒಳಗೆ ಬಿಳಿ ಪಿಂಗಾಣಿಯ ಸಿಂಹಾಸನ. ಸಿಂಹಾಸನದ ಮೇಲೆ ಅಲ್ಲಿಯವರೆಗೆ ಯಾರೂ ಕೂತಿರಲಿಲ್ಲ. ಏಳು ಸಮುದ್ರ ದಾಟಿ ಬರುವವರು ಬಂದು ಮೊದಲು ಕೂರಲಿ ಎಂದು ಅದಕ್ಕೆ ಬೀಗ ಜಡಿದಿತ್ತು. ಬೀಗದ ಕೈ ಒಬ್ಬ ರಾಕ್ಷಸನ ಉಡುದಾರದಲ್ಲಿತ್ತು.

ರಾಕ್ಷಸನ ಹೆಸರು ಸುಂದರೇಶ. ವಿಶ್ವನಾಥ್ ಸಾಹುಕಾರರ ಊದುಕಡ್ಡಿ ಕಾರ್ಖಾನೆಯ ಮೇಸ್ತ್ರಿ.

"ಯಾವ ಮುಂಡೇದೇ ಇದು? ಯಾವಳೇ ಕೈ ಇಕ್ಕಿದ್ದು? ಬನ್ರೇ ಎಲ್ಲ ಇತ್ಲಾಗೆ. ಲೈನಾಗಿ ನಿಂತ್ಕಳಿ, ಬೇವರ್ಸಿಗಳಾ."

ಬಿಳಿ ಬಾಗಿಲ ಮೇಲೆ ಒಂದು ಕರಿ ಅಂಗೈ ಮೂಡಿತ್ತು. ಐದು ಬೆರಳೂ ಎಣಿಸುವ ಹಾಗಿತ್ತು. ಊದುಕಡ್ಡಿ ಹೊಸೆಯುವವರ ಕೈ ಅದು. ಇದ್ದಿಲ ಪುಡಿ, ಮರದ ಹೊಟ್ಟು, ಅಂಟಿಗೆ ಜಿಗಟಿನ ಪುಡಿ ಸೇರಿಸಿ ಕಲಸಿದ ಹಿಟ್ಟನ್ನು ಬಿದಿರಿನ ಕಡ್ಡಿಗೆ ಸುತ್ತಿ ಸುತ್ತಿ ಕರಿಗಟ್ಟಿದ ಕೈ. ಅದನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಗೆರೆಯೊಳಗಿನ ಕಪ್ಪು ಬಿಡುವುದಿಲ್ಲ.

ಇಪ್ಪತ್ತೆರಡು ಹೆಂಗಸರು ಸಾಲಾಗಿ ನಿಂತರು. ಸುಂದರೇಶ ಒಬ್ಬೊಬ್ಬರ ಮಣಿಕಟ್ಟು ಹಿಡಿದೆಳೆದು, ಬಾಗಿಲಿಗೆ ತಾಗದಂತೆ ಒಂದು ಬೆರಳು ದೂರದಲ್ಲಿ ಅವರ ಅಂಗೈ ಅಗಲಿಸಿ ಅಳತೆ ನೋಡಿದ. ಪದ್ಮಾವತಿಯ ಸರದಿ ಬಂದಾಗ ಅವಳಿಗೆ ಅಜ್ಜಿಯ ಕಥೆಗಳು ನೆನಪಾದವು. ಅಲ್ಲಿಯೂ ರಾಜನ ಕಡೆಯವರು ಹೀಗೇ ಮನೆಮನೆಗೆ ಬಂದು ಅಳೆಯುತ್ತಿದ್ದರು, ಅಳತೆಗೆ ಕೂಡಿಬಂದವಳನ್ನು ಪಲ್ಲಕ್ಕಿಯಲ್ಲಿ ಹೊತ್ತೊಯ್ಯುತ್ತಿದ್ದರು. ಇಲ್ಲಿ ಪಲ್ಲಕ್ಕಿ ಇರಲಿಲ್ಲ. ಇನ್ನೊಂದು ಫಜೀತಿಯೂ ಆಯಿತು: ಇಪ್ಪತ್ತೆರಡು ಕೈಯೂ ಆ ಗುರುತಿಗೆ ಸರಿಯಾಗಿ ಕೂತವು. ವರ್ಷಗಟ್ಟಲೆ ಮಣೆಗೆ ಒತ್ತಿ ಉಜ್ಜಿದ ಬಲಗೈಗಳೆಲ್ಲ ಚಪ್ಪಟೆಯಾಗಿ, ಒಂದೇ ಅಚ್ಚಿನಲ್ಲಿ ಹೊಯ್ದಂತಾಗಿದ್ದವು.

"ನಂದೇ ಕಣಪ್ಪ," ಎಂದಳು ಸಾಲಿನ ಕೊನೆಯಲ್ಲಿದ್ದ ಚಿಕ್ಕಮಾದಮ್ಮ. ಪದ್ಮಾವತಿಯ ಅಜ್ಜಿ. "ಬೆಳಿಗ್ಗೆ ಬಂದೋಳು, ಬಾಗ್ಲು ತಗ್ದದಾ ಅಂತ ಒಸಿ ತಳ್ಳಿ ನೋಡ್ದೆ."

"ತಳ್ಳಿ ನೋಡ್ದಾ? ನಿಮ್ಮಪ್ಪ ಕಟ್ಸಿದ್ನಾ ಇದಾ?"

"ನಮ್ಮಪ್ಪ ಕಟ್ಸಿದ್ರೆ ಬೀಗ ಯಾಕ್ಲಾ ಇರೋದು?"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಂದರೇಶ ಕೈ ಎತ್ತಿದ್ದ. ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು.

ವಿಶ್ವನಾಥ್ ಸಾಹುಕಾರರು ಇಳಿದು ಬಂದರು. ಹಣೆಯಲ್ಲಿ ಮೂರು ಗೆರೆ ವಿಭೂತಿ, ಕೈಯಲ್ಲಿ ಹಣ್ಣುಕಾಯಿಯ ಬುಟ್ಟಿ. ಅವರು ಎಂದೂ ದನಿ ಏರಿಸಿದವರಲ್ಲ. ಬೈಯುವುದಕ್ಕೆ ಸುಂದರೇಶನನ್ನು ಇಟ್ಟುಕೊಂಡ ಮೇಲೆ ತಾವೇಕೆ ಗಂಟಲು ನೋಯಿಸಿಕೊಳ್ಳಬೇಕು.

"ಏನು ಚಿಕ್ಕಮಾದಮ್ಮ, ಇಷ್ಟು ವಯಸ್ಸಾಗಿ ತಾಳ್ಮೆ ಬೇಡ್ವೇ? ನಾನು ಹೇಳಿಲ್ವಾ, ಹಡಗಿನೋರು ಬಂದು ನೋಡ್ಕೊಂಡು ಹೋಗ್ಲಿ, ಆಮೇಲೆ ಬೀಗದ ಕೈ ನಿಮಗೇ ಅಂತ?"

"ಹೇಳಿದ್ರಿ ಬುದ್ಧಿ."

"ಮತ್ತೆ? ಇನ್ನೂ ಪೂಜೆ ಆಗಿಲ್ಲ. ಅಷ್ಟರಲ್ಲಿ ನೀನು ಕೈಯಿಟ್ರೆ ಹೇಗೆ?"

ಸುಂದರೇಶ ಒರೆಸಲು ಬಟ್ಟೆ ತಂದ. "ಬಟ್ಟೆ ಯಾಕೋ ಹಾಳು ಮಾಡ್ತೀಯ," ಎಂದರು ಸಾಹುಕಾರರು. "ಅವಳ ಸೆರಗಿದೆಯಲ್ಲ."

ಅಜ್ಜಿ ಸೆರಗಿಗೆ ಉಗುಳು ಹಚ್ಚಿ ಬಾಗಿಲ ಮೇಲಿನ ತನ್ನ ಕೈಗುರುತನ್ನು ತಾನೇ ಒರೆಸಿದಳು. ಸಾಹುಕಾರರು ಬಾಟಲಿಯಲ್ಲಿ ತಂದಿದ್ದ ಗಂಜಲವನ್ನು ಮಾವಿನೆಲೆಯಲ್ಲಿ ಅದ್ದಿ ಬಾಗಿಲಿಗೆ, ಹೊಸ್ತಿಲಿಗೆ, ಒಳಗಿನ ಸಿಂಹಾಸನಕ್ಕೆ ಚಿಮುಕಿಸಿದರು. ಕಾಯಿ ಒಡೆದರು. ಬಾಳೆಹಣ್ಣಿಗೆ ಮೂರು ಊದುಕಡ್ಡಿ ಚುಚ್ಚಿ ಹಚ್ಚಿದರು. ಮತ್ತೆ ಬೀಗ ಬಿತ್ತು.

ಪಕ್ಕದಲ್ಲಿ ನಿಂತಿದ್ದ ಚಾಮುಂಡೇಶ್ವರಿ ಪದ್ಮಾವತಿಯ ಕಿವಿಗೆ ಬಾಯಿಟ್ಟಳು. "ನೋಡ್ದೇನಮ್ಮಿ? ನಮ್ಮ ಉಚ್ಚೆ ಆಗಲ್ವಂತೆ. ದನದ ಉಚ್ಚೆ ಆಯ್ತದಂತೆ."

ಪದ್ಮಾವತಿಗೆ ನಗು ಬಂತು. ಬಿಗಿ ಹಿಡಿದುಕೊಂಡಿರುವಾಗ ನಗಬಾರದು ಎಂಬುದು ಆ ಕಾರ್ಖಾನೆಯ ಹೆಂಗಸರಿಗೆಲ್ಲ ಗೊತ್ತಿದ್ದ ವಿದ್ಯೆ. ನುಂಗಿಕೊಂಡಳು.

ಆ ವಿದ್ಯೆಯನ್ನು ಅವರು ಕಲಿತು ಎರಡು ವರ್ಷವಾಗಿತ್ತು. ಮೊದಲು ಕಾರ್ಖಾನೆಯ ಹಿಂದೆ ಒಂದು ಲಾಂಟಾನದ ಪೊದೆ ಇತ್ತು. ಒಬ್ಬಳು ಒಳಗೆ, ಒಬ್ಬಳು ಕಾವಲಿಗೆ; ಹಾವಿದ್ದರೂ ಸರಿ, ಮಾನ ಉಳಿಯುತ್ತಿತ್ತು. ಯಾವುದೋ ಕಂಪನಿ ಆ ಜಾಗ ಕೊಂಡು, ಪೊದೆ ಕೀಳಿಸಿ, ಆಳೆತ್ತರದ ಕಾಂಪೌಂಡು ಹಾಕಿತು. ಗಂಡಸರಿಗೆ ಆ ಕಾಂಪೌಂಡೇ ಅನುಕೂಲವಾಯಿತು. ಹೆಂಗಸರು ಬೆಳಿಗ್ಗೆ ಎಂಟಕ್ಕೆ ಮಣೆಯ ಮುಂದೆ ಕೂತರೆ ಸಂಜೆ ಆರಕ್ಕೆ ಕಾಲೊನಿಗೆ ಮರಳುವ ತನಕ ಹಿಡಿದುಕೊಂಡಿರಬೇಕು. ನಡುವೆ ಎದ್ದು ಹೋದರೆ ಹಿಟ್ಟು ಒಣಗುತ್ತದೆ. ಆದ್ದರಿಂದ ನೀರು ಕುಡಿಯುವುದನ್ನೇ ಬಿಟ್ಟರು. ಊಟದ ಡಬ್ಬಿಯಲ್ಲಿ ಸಾರು ತರುವುದನ್ನೂ ಬಿಟ್ಟು, ಗಟ್ಟಿ ಚಟ್ನಿ ತಂದರು.

ಅಜ್ಜಿಗೆ ಉರಿ ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಕಾರ್ತೀಕ ಮುಗಿಯುವಷ್ಟರಲ್ಲಿ ಚಳಿಜ್ವರ, ಸೊಂಟದಲ್ಲಿ ಕತ್ತಿ ಆಡಿಸಿದಂಥ ನೋವು. ಪದ್ಮಾವತಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಮಾತ್ರೆ ಬರೆದು, ಬೆರಳೆತ್ತಿ ಹೇಳಿದ್ದರು: "ಗಂಟೆಗೊಂದು ಲೋಟ ನೀರು ಕುಡೀಬೇಕು. ಬಂದಾಗ ಹೋಗಿಬಿಡಬೇಕು. ಇನ್ನೊಂದು ಸಲ ಹೀಗೆ ಕಟ್ಟಿಕೊಂಡು ಬಂದರೆ ಕಿಡ್ನಿ ಹೋಗುತ್ತೆ, ಅಜ್ಜಿ ಉಳಿಯಲ್ಲ."

ಬಸ್ಸಿನಲ್ಲಿ ಅಜ್ಜಿ ನಕ್ಕಿದ್ದಳು. "ಮಾತ್ರೆ ಅಂಗಡೀಲಿ ಸಿಕ್ತದೆ ಮೊಗ. ಅವಮ್ಮ ಹೇಳಿದ್ ಇನ್ನೊಂದು ಔಸ್ದಿ ಎಲ್ಲಿ ತರಾವ?"

ಪದ್ಮಾವತಿ ಅಲ್ಲೇ, ಕಿಟಕಿಯ ಸರಳು ಹಿಡಿದುಕೊಂಡು ಮಾತು ಕೊಟ್ಟಿದ್ದಳು. "ಸಾಹುಕಾರ್ರು ಕಟ್ಟಿಸ್ತಾವ್ರಲ್ಲ, ಆ ರೂಮಲ್ಲಿ ನಿನ್ನ ಕೂರಿಸ್ತೀನಿ ಕಣಜ್ಜಿ. ಹಡಗಿನೋರು ಬಂದೋದ ದಿನವೇ. ನೆಮ್ಮದಿಯಾಗಿ ಬಾಗ್ಲಾಕ್ಕೊಂಡು ಕೂತ್ಕೋವಂತೆ."

"ಮಾತು ಕೊಟ್ರೆ ನಡುಸ್ಬೇಕು. ಕತೇಲಿ ಮಾತು ತಪ್ಪಿದೋರ್ನೆಲ್ಲ ನಾನು ಕಲ್ಲು ಮಾಡ್ಬುಟ್ಟಿವ್ನಿ."

ಬಾಗಿಲಿಗೆ ಪೂಜೆಯಾದ ಇವತ್ತೇ ಆ ದಿನ. ಮಂಗಳವಾರ.

ಅರಮನೆಯ ನೆತ್ತಿಯ ಮೇಲೆ ಕರಿ ಪ್ಲಾಸ್ಟಿಕ್ಕಿನ ಟ್ಯಾಂಕು ಇತ್ತು. ಅದಕ್ಕೆ ನೀರು ಏರಿಸುವ ಪೈಪು ಇನ್ನೂ ಎಳೆದಿರಲಿಲ್ಲ. ಪದ್ಮಾವತಿ ರಸ್ತೆಯ ಬೋರಿನಿಂದ ಬಿಂದಿಗೆ ಬಿಂದಿಗೆ ಹೊತ್ತು, ಏಣಿ ಹತ್ತಿ ತುಂಬಿಸಿದಳು. ಕೆಳಗೆ ಸುಂದರೇಶ ನಿಂತು ಎಣಿಸುವುದರ ಜೊತೆಗೆ ಅವಳ ಕಾಲು ನೋಡುತ್ತಿದ್ದ. ನೀರು ಇಳಿಯುವ ಸದ್ದು ಕೇಳಿ ಕೇಳಿ ಒಳಗೆ ಕೂತಿದ್ದ ಹೆಂಗಸರಿಗೆ ಪ್ರಾಣಸಂಕಟ.

"ಅಮ್ಮಿ, ಮೆಲ್ಲಗೆ ಉಯ್ಯೇ," ಎಂದು ಚಾಮುಂಡೇಶ್ವರಿ ಒಳಗಿಂದ ಕೂಗಿದಳು. "ಇಲ್ಲಿ ಕಟ್ಟೆ ಒಡಿಯಂಗದೆ."

ಒಂಬತ್ತೂವರೆಗೆ ಬಾಡಿಗೆ ಸೀರೆಯ ಗಂಟು ಬಂತು. ನಾಟಕದ ಡ್ರೆಸ್ಸಿನ ಅಂಗಡಿಯಿಂದ ತಂದದ್ದು. ಇಪ್ಪತ್ತೆರಡೂ ಹಸಿರು, ಕೆಂಪಂಚು. ಒಂದು ಚುಕ್ಕೆ ಕರಿ ಹತ್ತಿದರೆ ಚರ್ಮ ಸುಲಿಯುತ್ತೇನೆ ಅಂದ ಸುಂದರೇಶ. ಕರಿ ಹತ್ತಬಾರದು, ಆದರೆ ಊದುಕಡ್ಡಿ ಹೊಸೆಯುತ್ತಿರಬೇಕು. ಅದಕ್ಕೂ ಅವನೇ ದಾರಿ ಹುಡುಕಿದ್ದ: ಇದ್ದಿಲೂ ಇಲ್ಲ, ಬಣ್ಣ ಕೆಡಿಸುವ ಜಿಗಟೂ ಇಲ್ಲ. ಬರೀ ಮರದ ಹೊಟ್ಟಿಗೆ ಅರಿಶಿನ ಕಲಸಿ, ಶ್ರೀಗಂಧ ಅನ್ನುವ ಹಾಗೆ ಮುದ್ದೆ ಮಾಡಿಟ್ಟಿದ್ದ.

"ಜಿಗಟಿಲ್ದೆ ಕಡ್ಡಿಗೆ ಕಚ್ಕೊಳದಿಲ್ಲ ಮೇಸ್ತ್ರಿ," ಎಂದಳು ಚಾಮುಂಡೇಶ್ವರಿ.

"ಕಚ್ಕೊಳದು ಬ್ಯಾಡ ಕಣೇ. ಕಂಡ್ರೆ ಸಾಕು. ಅವ್ರೇನು ಹಚ್ಚಿ ನೋಡ್ತಾರಾ?"

ದಿನವೂ ಕಾಲು ಚಾಚಿ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವರನ್ನು ಅಂದು ಚಕ್ಕಳಮಕ್ಕಳ ಹಾಕಿಸಿ, ಬೆನ್ನು ನೆಟ್ಟಗೆ ಮಾಡಿಸಿ, ಮುಡಿಗೆ ಮಲ್ಲಿಗೆ ಇರಿಸಿ ಎರಡು ಸಾಲು ಕೂರಿಸಿದರು. ಹಡಗಿನವರು ಬಂದು ಹೋಗುವ ತನಕ ಯಾರೂ ಏಳುವ ಹಾಗಿಲ್ಲ. ಎದ್ದರೆ ಸೀರೆ ಮುದುರುತ್ತದೆ. ಗೇಟಿಗೂ ಬೀಗ ಬಿತ್ತು. ಹತ್ತಕ್ಕೆ ಬರುವವರು.

ಹತ್ತಾಯಿತು, ಹತ್ತೂವರೆಯಾಯಿತು.

"ಅದೇನಮ್ಮಿ ಹಡಗಿನೋರು ಅಂದ್ರೆ? ಮೈಸೂರಿಗೆ ಎಲ್ಲಿಂದ ಬತ್ತದೆ ಹಡಗು?" ಎಂದು ಕೇಳಿದಳು ಅಜ್ಜಿ. ಮಾತಾಡಿದರೆ ಮನಸ್ಸು ಕೆಳಗಿನ ಕಡೆ ಹೋಗುವುದಿಲ್ಲ ಎಂದು ಆಡಿದ ಮಾತು ಅದು, ಪದ್ಮಾವತಿಗೆ ಗೊತ್ತಿತ್ತು.

"ಮಂಗ್ಳೂರ್ಗೆ ಬಂದು ನಿಂತದೆ ಅಜ್ಜಿ. ಅಲ್ಲಿ ಒಂದಷ್ಟು ಜನ ಇಳಿದು, ಬಸ್ಸಲ್ಲಿ ಘಾಟಿ ಹತ್ತಿ ಇಲ್ಲಿಗೆ ಬಂದವ್ರೆ. ಇಲ್ಲಿ ನೋಡ್ಕೊಂಡು ಅಂಗೇ ಕೊಚ್ಚಿಗೆ ಹೋಯ್ತಾರೆ. ಹಡಗು ಸಮುದ್ರದ ಮೇಲೆ ಸುತ್ಕೊಂಡು ಅಲ್ಲಿಗೆ ಬತ್ತದಂತೆ, ಹತ್ಕೋತಾರಂತೆ."

"ಜನ ಒಂದು ದಾರಿ, ಹಡಗು ಒಂದು ದಾರಿ. ಬುಟ್ಬುಟ್ಟು ಹೋದ್ರೆ?"

"ನಮ್ಮ ಸುಂದ್ರೇಸನ್ನೇ ಕಟ್ಕೊಂಡು ಇಲ್ಲೇ ಕಡ್ಡಿ ಉಜ್ತಾರೆ," ಎಂದಳು ಚಾಮುಂಡೇಶ್ವರಿ. "ಹೌದಾ, ಹಡಗಲ್ಲಿ ಕಕ್ಕಸು ಇರ್ತದಾ?"

"ರೂಮಿಗೊಂದು ಅದಂತೆ. ಒಂಬೈನೂರು ರೂಮಂತೆ."

ಪದ್ಮಾವತಿ ಸಮುದ್ರವನ್ನು ಕಂಡವಳಲ್ಲ, ಕೆ.ಆರ್.ಎಸ್. ಕಟ್ಟೆಯ ನೀರನ್ನೇ ಕಣ್ಣಲ್ಲಿ ಎಳೆದೆಳೆದು ದೊಡ್ಡದು ಮಾಡಿದಳು. ಅದರ ಮೇಲೆ ಬೆಳ್ಳಗಿನ ಬಾಗಿಲುಗಳು ತೇಲಿಬಂದವು. ಒಂಬೈನೂರು ಬಾಗಿಲು, ಒಂದಕ್ಕೂ ಬೀಗವಿಲ್ಲ. ಅಲೆಯಲ್ಲಿ ತಾವಾಗಿ ತೆರೆದು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು.

"ಒಂದು ಕತೆ ಹೇಳಜ್ಜಿ."

ಅಜ್ಜಿ ಹಲ್ಲು ಕಚ್ಚಿಕೊಂಡೇ ಶುರು ಮಾಡಿದಳು. "ಒಬ್ಳು ಸೊಸೆ ಇದ್ಲಂತೆ. ಆ ಸೊಸೇಗೆ ಅತ್ತೆ ಅಂದ್ಲಂತೆ: ನಮ್ಮನೇಗೆ ನೆಂಟ್ರು ಬತ್ತಾವ್ರೆ, ಅವ್ರು ಬರೋ ದಾರೀಲಿ ಏಳು ಸಮುದ್ರ ಅಡ್ಡ ಅವೆ. ಅಷ್ಟನ್ನೂ ಕುಡ್ದು ಹೊಟ್ಟೇಲಿ ಇಟ್ಕೊಂಡಿರು, ಅವ್ರು ನಡ್ಕೊಂಡು ಬಂದ್ಬುಡ್ಲಿ. ಸರಿ, ಕುಡುದ್ಲು. ಒಂದು, ಎರ್ಡು, ಮೂರು, ಏಳು. ಹೊಟ್ಟೆ ಒಳಗೆ ಮೀನೆಲ್ಲ ಗುದ್ತಾವೆ, ಮೊಸ್ಳೆ ಕಚ್ತದೆ. ತುಟಿ ಪಿಟಕ್ಕನ್ಲಿಲ್ಲ..." ಅಲ್ಲಿಗೆ ನಿಲ್ಲಿಸಿ ಅಜ್ಜಿ ಕಣ್ಣು ಮುಚ್ಚಿದಳು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಆಮೇಲೆ?"

"ಆಮೇಲೇನು. ನೆಂಟ್ರು ಇನ್ನೂ ಬಂದಿಲ್ಲ. ಅವ್ಳು ಇನ್ನೂ ಹಿಡ್ಕೊಂಡೇ ಅವ್ಳೆ."

ಹನ್ನೊಂದೂವರೆಗೆ ಅಜ್ಜಿ ತಾನೇ ಕೇಳಿದಳು. "ಸುಂದ್ರೇಸಪ್ಪ, ಒಂದೇ ಗಳ್ಗೆ ಬಾಗ್ಲು ತಗಿಯಪ್ಪ."

"ಬಸ್ಸು ಕೆ.ಆರ್.ಎಸ್. ರೋಡಿಗೆ ತಿರುಗ್ಯದೆ, ಬಂದ್ಬುಡ್ತಾರೆ. ಕೂತ್ಕೋ."

ಹನ್ನೆರಡೂವರೆಗೆ ಮತ್ತೆ ಕೇಳಿದಳು. ಬಸ್ಸು ಇನ್ನೂ ಅದೇ ರೋಡಿಗೆ ತಿರುಗುತ್ತಿತ್ತು. ಒಂದೂವರೆಗೆ ಅಜ್ಜಿ ಕೇಳಲಿಲ್ಲ. ತುಟಿ ಬೆಳ್ಳಗಾಗಿತ್ತು, ಎರಡು ಕೈಯಿಂದಲೂ ಸೊಂಟ ಒತ್ತಿಕೊಂಡಿದ್ದಳು. ಪದ್ಮಾವತಿ ಮಣೆ ಪಕ್ಕಕ್ಕಿಟ್ಟು ಎದ್ದಳು.

"ಮೇಸ್ತ್ರಿ, ಅಜ್ಜಿಗೆ ಆಯ್ತಾ ಇಲ್ಲ. ಒಂದ್ಸಲ ಬೀಗ ತೆಗೀರಿ. ನಾನೇ ತೊಳ್ದು, ಒರೆಸಿ, ಹೆಂಗಿತ್ತೋ ಅಂಗೇ ಮಾಡಿ ಬರ್ತೀನಿ."

"ತೊಳ್ದ್ರೆ ಹೋಯ್ತದೇನೇ ನಿಮ್ದು?"

ಅವಳು ಅವನನ್ನು ದಾಟಿ, ಫ್ಯಾನಿನ ಕೆಳಗೆ ಕೂತಿದ್ದ ಸಾಹುಕಾರರ ಹತ್ತಿರ ಹೋದಳು. ಅವರು ಮೊಬೈಲು ಕಿವಿಗಿಟ್ಟುಕೊಂಡೇ ಕೈ ಅಡ್ಡ ಹಿಡಿದರು.

"ಸಾರ್, ಡಾಕ್ಟ್ರು ಹೇಳವ್ರೆ, ಹಿಡ್ಕೊಂಡ್ರೆ ಜೀವಕ್ಕೇ ಅಪಾಯ ಅಂತ."

"ಇನ್ನೊಂದು ಅರ್ಧ ಗಂಟೆ ತಡ್ಕೊಳೋಕೆ ಆಗಲ್ವೇನಮ್ಮ? ಶಿವರಾತ್ರೀಲಿ ಜನ ಹನಿ ನೀರೂ ಮುಟ್ಟದೆ ಇರಲ್ವಾ? ವ್ರತ ಅನ್ಕೊಳ್ಳಿ. ಅವರು ಮೊದಲ ಸಲ ಬರ್ತಿದ್ದಾರೆ. ಹೊರದೇಶದೋರಿಗೆ ಕ್ಲೀನಾಗಿರೋದು ತೋರಿಸಿದರೆ ಆರ್ಡರ್ ಬರುತ್ತೆ. ಆರ್ಡರ್ ಬಂದ್ರೆ ನಿಮಗೂ ತಾನೇ ಕೆಲಸ?"

ಪದ್ಮಾವತಿ ಮರಳಿ ಬಂದು ಕೂತಳು. ಅಂದು ಕೂತದ್ದಕ್ಕೆ ಆಮೇಲೆ ಅವಳು ತನ್ನನ್ನು ತಾನು ಬಹಳ ಸಲ ಬೈದುಕೊಂಡಳು.

ಬಸ್ಸು ಬಂದದ್ದು ಎರಡೂಮುಕ್ಕಾಲಿಗೆ. ಹದಿನೆಂಟು ಜನ ಇಳಿದರು. ಪದ್ಮಾವತಿ ಅಂದುಕೊಂಡಿದ್ದಂತೆ ಅವರ ಮೈಮೇಲೆ ಕಡಲಿನ ಹೊಳಪೇನೂ ಇರಲಿಲ್ಲ. ಬಿಸಿಲಿಗೆ ಕೆಂಪಾಗಿ ಸುಲಿದ ಮೂಗು, ಮಂಡಿಯ ತನಕದ ಚಡ್ಡಿ, ಊದಿಕೊಂಡ ಕಾಲು. ಒಬ್ಬ ಮುದುಕ ಬಸ್ಸಿನ ಮೆಟ್ಟಿಲ ಮೇಲೇ ಕೂತು ಇಳಿಯುವುದಿಲ್ಲ ಅಂದುಬಿಟ್ಟ.

"ಬೆಳಿಗ್ಗೆಯಿಂದ ಮೂತಿ ಊದಿಸ್ಕೊಂಡೇ ಇದ್ದಾರೆ ಸಾರ್," ಎಂದ ಗೈಡು ಶಿವಕುಮಾರ್, ಸಾಹುಕಾರರ ಹತ್ತಿರ ಬಂದು. "ಮಂಗಳವಾರ, ಝೂ ರಜಾ. ಅರಮನೆಗೆ ದೀಪ ಯಾಕಿಲ್ಲ ಅಂತಾರೆ, ಹಗಲು ಹೊತ್ತಲ್ಲಿ. ಆನೆ ಮೆರವಣಿಗೆ ಎಲ್ಲಿ ಅಂತಾರೆ, ಜನವರೀಲಿ. ಸೀರೆ ಅಂಗಡೀಲಿ ಎರಡು ಗಂಟೆ ಕೂರಿಸಿದೆ, ಒಬ್ಬನೂ ಒಂದು ಕರ್ಚೀಫ್ ತಗೊಳ್ಳಲಿಲ್ಲ. ಹತ್ತೇ ನಿಮಿಷ ಸಾರ್, ಬೇಗ ಮುಗಿಸಿ."

ಸಾಹುಕಾರರು ಅವರನ್ನು ಮೊದಲು ಹೆಂಗಸರ ಬಳಿಗೆ ಕರೆತರಲಿಲ್ಲ. ನೇರ ಅರಮನೆಯ ಬಾಗಿಲಿಗೆ ಕರೆದೊಯ್ದರು. ಸುಂದರೇಶ ಬೀಗ ತೆಗೆದು, ಗರ್ಭಗುಡಿಯ ಬಾಗಿಲು ತೆರೆಯುವವನ ಹಾಗೆ ಪಕ್ಕಕ್ಕೆ ಸರಿದು ನಿಂತ. ಹೊರಗಿನ ಮೇಜಿನ ಮೇಲೆ ಹೊಸ ಟವೆಲು, ಸೋಪು, ಸಾಲಾಗಿ ಇಪ್ಪತ್ತು ನೀರಿನ ಬಾಟಲಿ.

"ಟಾಯ್ಲೆಟ್, ಟಾಯ್ಲೆಟ್. ನ್ಯೂ. ಪ್ಲೀಸ್," ಎಂದರು ಸಾಹುಕಾರರು.

ಹಡಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ತಲೆ ಅಲ್ಲಾಡಿಸಿದಳು. ಇನ್ನೊಬ್ಬ ಗೈಡಿಗೆ ಏನೋ ಹೇಳಿದ.

"ಯಾರಿಗೂ ಬಂದಿಲ್ವಂತೆ ಸಾರ್. ಹೋಟ್ಲಲ್ಲೇ ಹೋಗಿ ಬಂದ್ರಂತೆ."

"ಒಬ್ಬರಾದ್ರೂ ಹೋಗಲಿ ಕಣ್ರೀ, ಕೇಳಿ ನೋಡಿ."

"ಬರದಿದ್ರೆ ಹೇಗೆ ಹೋಗ್ತಾರೆ ಸಾರ್?"

ಬಾಗಿಲು ತೆರೆದೇ ಉಳಿಯಿತು. ಹಡಗಿನವರು ಶೆಡ್ಡಿನೊಳಗೆ ಬಂದು ಹಸಿರು ಸೀರೆಗಳ ಮುಂದೆ ನಿಂತರು. ಗೈಡು ಇಂಗ್ಲಿಷಿನಲ್ಲಿ ಗಂಧದ ಮರದ ಕಥೆ ಹೇಳಿದ. ಇಪ್ಪತ್ತೆರಡು ಕೈಗಳು ಅರಿಶಿನದ ಹೊಟ್ಟನ್ನು ಕಡ್ಡಿಗೆ ಸುತ್ತಿದವು. ಸುತ್ತಿದ್ದು ಮೇಲೆತ್ತುವಷ್ಟರಲ್ಲಿ ಬಿರಿದು ಉದುರಿತು. ಮತ್ತೆ ಸುತ್ತಿದರು, ಮತ್ತೆ ಉದುರಿತು. ಹ್ಯಾಟು ಹಾಕಿದ ಹೆಂಗಸೊಬ್ಬಳು ಬಗ್ಗಿ ಒಂದು ಕಡ್ಡಿಯನ್ನು ಮೂಸಿ, ಮೂಗು ಸಿಂಡರಿಸಿ, ಗಂಡನಿಗೆ ಏನೋ ಅಂದಳು. ಅವನು ಆಕಳಿಸಿದ. ಇನ್ನೊಬ್ಬ ಕ್ಯಾಮರಾ ಹಿಡಿದು ಅಜ್ಜಿಯ ಎದುರು ಮಂಡಿಯೂರಿ ಕೂತ. ಸುಕ್ಕುಗಟ್ಟಿದ ಮುಖ ಅವನಿಗೆ ಹಿಡಿಸಿದ್ದಿರಬೇಕು. ನಗು ಎಂದು ತನ್ನ ತುಟಿಯನ್ನೇ ಬೆರಳಿನಿಂದ ಎಳೆದು ತೋರಿಸಿದ.

"ನಗು ಮುದುಕಿ, ನಗು," ಎಂದು ಸುಂದರೇಶ ಹಿಂದಿನಿಂದ ಅಜ್ಜಿಯ ಬೆನ್ನಿಗೆ ಕಾಲಿನ ಹೆಬ್ಬೆರಳು ಒತ್ತಿದ.

ಅಜ್ಜಿ ನಕ್ಕಳು. ಅಷ್ಟೇ ಸಾಕಾಯಿತು.

ಮೊದಲು ಹಸಿರು ಸೀರೆ ಮಡಿಲ ಹತ್ತಿರ ಕಪ್ಪಾಯಿತು. ಆಮೇಲೆ ಸಿಮೆಂಟಿನ ನೆಲದ ಮೇಲೆ ಸಣ್ಣ ಹಾವೊಂದು ಹೊರಟಿತು, ಚೆಲ್ಲಿದ ಅರಿಶಿನದ ಹೊಟ್ಟನ್ನು ನೆನೆಸಿಕೊಂಡು, ದಾರಿ ಹುಡುಕಿಕೊಂಡು, ಕ್ಯಾಮರಾದವನ ಬೂಟಿನ ಕಡೆಗೆ. ಅದರಲ್ಲಿ ರಕ್ತದ ಎಳೆ ಇತ್ತು. ಅಜ್ಜಿಯ ಮುಖದಲ್ಲಿ ನಗು ಹಾಗೇ ಉಳಿದಿತ್ತು, ತೆಗೆಯುವುದು ಮರೆತುಹೋದವಳ ಹಾಗೆ. ಕ್ಯಾಮರಾ ಕ್ಲಿಕ್ಕೆಂದಿತು. ಆಮೇಲೆ ಅವನು ಕೆಳಗೆ ನೋಡಿ ಹಿಂದಕ್ಕೆ ಹಾರಿದ.

"ವಾಟರ್, ವಾಟರ್," ಎಂದರು ಸಾಹುಕಾರರು ಎರಡು ಕೈಯನ್ನೂ ಆಡಿಸುತ್ತ. "ಮಸಾಲೆ ವಾಟರ್."

ಹ್ಯಾಟಿನ ಹೆಂಗಸು ಮೂಗಿಗೆ ಕರ್ಚೀಫು ಹಿಡಿದಳು. ಹತ್ತು ನಿಮಿಷವೂ ಆಗಿರಲಿಲ್ಲ. ಒಬ್ಬರ ಹಿಂದೊಬ್ಬರು ಬಸ್ಸು ಹತ್ತಿದರು. ಕೊಚ್ಚಿಯಲ್ಲಿ ಹಡಗು ಕಾಯುತ್ತಿತ್ತು. ಮೇಟಗಳ್ಳಿಯ ಧೂಳು ಅವರ ಹಿಂದೆ ಒಂದಿಷ್ಟು ದೂರ ಹೋಗಿ ಮರಳಿ ಬಂತು.

ಗೇಟು ಹಾಕಿದ ಮೇಲೆ ಸಾಹುಕಾರರು ಅಜ್ಜಿಯ ಮುಂದೆ ಬಂದು ನಿಂತರು. ಆಗಲೂ ದನಿ ಏರಿಸಲಿಲ್ಲ.

"ನಾಯಿ ಬೆಕ್ಕಿಗೂ ಹೇಳಿಕೊಟ್ರೆ ಕಲೀತವೆ. ಇವರಿಗೆ ಅಂತ ಟೈಲ್ಸ್ ಹಾಕಿಸಿ ಕೊಡೋಕೆ ಹೊರಟೆನಲ್ಲ, ನನ್ನ ಬುದ್ಧಿಗೆ ಏನು ಹೇಳೋದು. ಸುಂದರೇಶ, ಬೀಗ ಹಾಕು. ಮಾರ್ಚಿಗೆ ಇನ್ನೊಂದು ಹಡಗಿದೆಯಂತೆ, ಅಲ್ಲಿಯವರೆಗೂ ತೆಗೀಬೇಡ."

"ಸೀರೆ ಸಾರ್?"

"ಬಿಚ್ಚಿ ತೊಳೆದುಕೊಡಲಿ. ಈಗಲೇ."

"ಏ ಮುದುಕಿ, ಏಳೇ. ಬಿಚ್ಚು ಸೀರೇನಾ," ಎಂದು ಸುಂದರೇಶ ಅಜ್ಜಿಯ ಸೆರಗಿಗೆ ಕೈ ಹಾಕಿದ.

ಪದ್ಮಾವತಿ ಎದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಅವನ ಕೈಯ ಮೇಲೆ ಮಣೆ ಬಿದ್ದಾಗ ಎಲ್ಲರೂ ನೋಡಿದರು. ಮರದ ಮಣೆ, ದಿನವೂ ತೊಡೆ ಮೇಲಿಟ್ಟುಕೊಳ್ಳುವಂಥದ್ದು. ಸುಂದರೇಶ ಮಣಿಕಟ್ಟು ಹಿಡಿದುಕೊಂಡು ಕುಕ್ಕರಿಸಿದ, ಅವಳ ತಾಯಿಯನ್ನೂ ಅವಳ ಜಾತಿಯನ್ನೂ ಸೇರಿಸಿ ಬೈದ. ಪದ್ಮಾವತಿ ಅದನ್ನು ಕೇಳುತ್ತ ನಿಲ್ಲಲಿಲ್ಲ. ಅಜ್ಜಿಯ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದಳು.

"ಬಾ ಅಜ್ಜಿ."

"ಎಲ್ಲಿಗೆ ಮೊಗ?"

"ಮಾತು ಕೊಟ್ಟಿಲ್ವಾ?"

ಅಜ್ಜಿಯ ಹೆಜ್ಜೆಯ ಹಿಂದೆ ನೆಲದ ಮೇಲೆ ಹನಿ ಬೀಳುತ್ತಿತ್ತು. ಬಿಳಿ ಬಾಗಿಲ ಮುಂದೆ ಅವಳು ತಡೆದು ನಿಂತಳು. "ಈಗ ಬಂದಿಲ್ಲ ಕಣವ್ವ. ಎಲ್ಲ ಅಲ್ಲೇ ಆಗೋಯ್ತಲ್ಲ," ಅಂದಳು, ಎಷ್ಟೋ ಕಾಲದ ಮೇಲೆ ಕಂಡ ನೆಂಟರಿಗೆ ಬಡಿಸಲು ಅನ್ನವಿಲ್ಲ ಎಂದು ಹೇಳುವವಳ ಹಾಗೆ.

ಪದ್ಮಾವತಿ ಮೇಜಿನ ಮೇಲಿನ ಬಾಟಲಿಯೊಂದನ್ನು ಎಳೆದು, ಮುಚ್ಚಳ ಹಲ್ಲಿನಲ್ಲಿ ತಿರುವಿ ಉಗಿದಳು. "ಕುಡಿ. ಬರೋಗಂಟ ಕೂತ್ಕೋ."

"ಅದು ಹಡಗಿನೋರ್ದು ಕಣೇ."

"ಕುಡಿ ಅಜ್ಜಿ."

ಅಜ್ಜಿ ಒಂದು ಬಾಟಲಿ ಕುಡಿದಳು. ಇನ್ನೆರಡನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು. ಪದ್ಮಾವತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿ ಮಣೆ ಇತ್ತು.

ಸುಂದರೇಶ ಮುಂದೆ ಬಂದ. ಅಷ್ಟರಲ್ಲಿ ಚಾಮುಂಡೇಶ್ವರಿ ಬಂದು ಅವನಿಗೂ ಬಾಗಿಲಿಗೂ ನಡುವೆ ನೆಲದ ಮೇಲೆ ಕೂತುಬಿಟ್ಟಳು, ಈ ಸಲ ಕಾಲು ಚಾಚಿಕೊಂಡು. ಅವಳ ಪಕ್ಕ ಇನ್ನೊಬ್ಬಳು. ಉದಯಗಿರಿಯಿಂದ ಬರುವ ಮೂವರು ಇನ್ನೊಂದು ಸಾಲು. ಹಸಿರು ಸೀರೆಗಳೆಲ್ಲ ಧೂಳಲ್ಲಿ ಮುದುರಿದವು.

"ಏಳ್ರೇ," ಎಂದ ಸುಂದರೇಶ.

"ಸೀರೆ ಮುದುರ್ತದೆ ಮೇಸ್ತ್ರಿ, ಏಳಂಗಿಲ್ಲ," ಎಂದಳು ಚಾಮುಂಡೇಶ್ವರಿ. "ನೀನೇ ಹೇಳಿದ್ದು."

"ಪದ್ಮಾವತಿ," ಎಂದರು ಸಾಹುಕಾರರು. "ನಾನು ಪೊಲೀಸಿನವರಿಗೆ ಫೋನ್ ಮಾಡಬೇಕಾಗುತ್ತೆ."

"ಮಾಡಿ ಸಾರ್. ಏನಂತ ಹೇಳ್ತೀರ? ಮುದುಕಿ ಕಕ್ಕಸಲ್ಲಿ ಕೂತವ್ಳೆ, ಬಂದು ಹಿಡೀರಿ ಅಂತಲಾ?"

ಸಾಹುಕಾರರ ಮೊಬೈಲು ಅಂಗೈಯಲ್ಲೇ ಉಳಿಯಿತು. "ನಾಳೆಯಿಂದ ನಿನಗೂ ನಿಮ್ಮಜ್ಜಿಗೂ ಕೆಲಸ ಇಲ್ಲ, ತಿಳ್ಕೋ."

"ನಾಳೆ ತಾನೆ," ಎಂದಳು ಪದ್ಮಾವತಿ.

ನಾಳೆ ಬೇರೆ ಕಾರ್ಖಾನೆಗೆ ಹೋದರೆ ಅಲ್ಲಿಯ ಮೇಸ್ತ್ರಿಗೆ ಇವತ್ತಿನ ಸುದ್ದಿ ಅವಳಿಗಿಂತ ಮೊದಲೇ ಹೋಗಿರುತ್ತದೆ. ಗೊತ್ತಿತ್ತು. ಬೆನ್ನು ಸರಿಸಲಿಲ್ಲ.

ಗಳಿಗೆ ಕಳೆಯಿತು, ಇನ್ನೊಂದು ಕಳೆಯಿತು. ಗೋಡೆಯ ನೆರಳು ಸಾಹುಕಾರರ ಚಪ್ಪಲಿಯ ತನಕ ಬಂತು. ಅವರು ಒಮ್ಮೆ ಕಾರಿನ ಕಡೆ ನೋಡಿದರು, ಒಮ್ಮೆ ಬಾಗಿಲ ಕಡೆ. ಹೋಗಿಬಿಟ್ಟರೆ ಸೋತಂತೆ, ನಿಂತರೆ ಕಾದಂತೆ. ಕಾದರು.

"ಪದ್ದಿ," ಎಂದಿತು ಒಳಗಿಂದ ಅಜ್ಜಿಯ ದನಿ, ಟೈಲ್ಸಿಗೆ ಬಡಿದು ದೊಡ್ಡದಾಗಿ. "ಹೋದ್ರಾ ಅವ್ರು?"

"ಇಲ್ಲ ಕಣಜ್ಜಿ. ಇಲ್ಲೇ ಅವ್ರೆ."

"ಕೂತವ್ರಾ, ನಿಂತವ್ರಾ?"

"ನಿಂತವ್ರೆ."

"ನಿಂತಿರ್ಲಿ ಬುಡು."

ಹೆಂಗಸರೆಲ್ಲ ಬಾಗಿಲಿಗೇ ಕಿವಿ ಕೊಟ್ಟಿದ್ದರು. ಎರಡನೇ ಬಾಟಲಿಯ ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು. ಆಮೇಲೆ ಮೂರನೆಯದು. ಅಜ್ಜಿ ಒಳಗೆ ಒಮ್ಮೆ ನರಳಿದಳು, ಪದ್ಮಾವತಿ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಪಿಂಗಾಣಿಯ ಮೇಲೆ ಒಂದು ಸದ್ದು ಶುರುವಾಯಿತು. ಮೊದಲು ತಡೆದು ತಡೆದು, ಆಮೇಲೆ ಎಡೆಬಿಡದೆ, ಯಾರ ಅಪ್ಪಣೆಗೂ ಕಾಯದೆ. ಸಾಹುಕಾರರು ಮುಖ ತಿರುಗಿಸಿದರು. ಸದ್ದು ನಿಂತ ಮೇಲೆ ನೀರು ಭೋರೆಂದು ಇಳಿಯಿತು.

"ಆಯ್ತು ಕಣವ್ವ," ಎಂದಳು ಅಜ್ಜಿ.